ಅಂಗಳದ ಉಯ್ಯಾಲೆ

ಮೊಮ್ಮಕ್ಕಳಿಗಾಗಿ ಅಂಗಳದಲ್ಲಿ ಉಯ್ಯಾಲೆ, ಜಾರುಬಂಡಿ ಇರಿಸಬಹುದೇ ಎಂದು ಹಳೆಯ ಶಿಷ್ಯರು ಕೇಳುವುದುಂಟು. ನಮ್ಮ ಬಾಲ್ಯದ ಬ್ರಹ್ಮಾವರದಲ್ಲಿ ಅಂಗಡಿಯ ಸಲಕರಣೆ ಎಲ್ಲಿತ್ತು? ಮಾವಿನ ಕೊಂಬೆಗೆ ತೆಂಗಿನ ನಾರಿನ ಹಗ್ಗ, ಕೂರಲು ಒಂದು ಹಲಗೆ. ಎಳೆದಾಡಲು ಅಡಿಕೆಯ ಹಾಳೆ. ಮಳೆಗಾಲದಲ್ಲಿ ನೆನೆದ ಹಗ್ಗವನ್ನು ಅಜ್ಜ ಜಗ್ಗಿ ನೋಡದೆ ನಮ್ಮನ್ನು ಹತ್ತಗೊಡುತ್ತಿರಲಿಲ್ಲ. ಅಂದಿನ ಪ್ರಮಾಣಪತ್ರ ಅದೇ!

ಕಬ್ಬಿಣದ ಉಯ್ಯಾಲೆಯ ಕಥೆ ಬೇರೆ. ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ 1921ರಲ್ಲಿ ಉದ್ಯಾನ ತೆರೆದ ಎಂಜಿನಿಯರ್ ಚಾರ್ಲ್ಸ್ ವಿಕ್‌ಸ್ಟೀಡ್ ಅವರ ಕಾರ್ಖಾನೆಯ ಉಯ್ಯಾಲೆಗಳು ಹಲವು ದೇಶಗಳಿಗೆ ಹೋದವು. ಇತ್ತ, ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನೇ ಕಟ್ಟಿದರು.

ಮನೆಬಳಕೆಯ ಉಯ್ಯಾಲೆ, ಜಾರುಬಂಡಿಗಳಿಗೆ ಭಾರತದಲ್ಲಿ ಐಎಸ್ 9873ರ 4ನೇ ಭಾಗವೆಂಬ ಮಾನಕವಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೊಳ್ಳುವಾಗ ಅದನ್ನು ನೋಡಿರಿ. ಆದರೆ ಗುರುತು ನೆಲವನ್ನು ಮೆತ್ತಗಾಗಿಸದು. ಮುರಕಲ್ಲಿನ ಅಂಗಳವಾಗಲಿ, ಈಗಿನ ಇಂಟರ್‌ಲಾಕ್ ಹಾಸಾಗಲಿ, ಬಿದ್ದ ತಲೆಗೆ ಎರಡೂ ಒಂದೇ. ಹುಲ್ಲೂ ಸಾಲದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 9 ಅಂಗುಲ ಮರಳು 4 ಅಡಿ ಎತ್ತರದಿಂದ ಬಿದ್ದರೆ ಮಾತ್ರ ಕಾಯುತ್ತದೆ. ಅದಕ್ಕಿಂತ ಎತ್ತರಕ್ಕೆ ಮರದ ಚಕ್ಕೆ ಉತ್ತಮ. ಸುತ್ತ 6 ಅಡಿ ತೆರವಿರಬೇಕು. ಉಯ್ಯಾಲೆಯ ಹಿಂದೆ ಮುಂದೆ, ತೂಗುಕಂಬಿಯ ಎತ್ತರದ ಎರಡು ಪಟ್ಟು. ಬಾವಿಕಟ್ಟೆಯ ಪಕ್ಕ ಬೇಡವೇ ಬೇಡ.

ನಮ್ಮ ಕಡಲ ಗಾಳಿಗೆ ಸರಪಳಿ, ಕೊಂಡಿಗಳು ಬೇಗ ತುಕ್ಕು ಹಿಡಿಯುತ್ತವೆ. ಮಳೆ ನಿಂತೊಡನೆ ಒಂದೊಂದನ್ನೂ ಕೈಯಾರೆ ಜಗ್ಗಿ ನೋಡಿರಿ.