ಉಸಿರಿಗೆ ಸಮತೋಲ, ಚಕ್ರಕ್ಕೆ ಆರೋಹಣ: ಷಟ್ಚಕ್ರ ಸಾಧನೆಯ ಆಕರಗಳ ಕುರಿತು ಒಂದು ಟಿಪ್ಪಣಿ

ಪ್ರಾಣಾಯಾಮ ಮತ್ತು ಧ್ಯಾನದಿಂದ ದೇಹದ ಏಳು ಚಕ್ರಗಳನ್ನು ಸಮತೋಲಕ್ಕೆ ತರಬಹುದು ಎಂಬ ಮಾತು ಇಂದಿನ ಯೋಗ ಶಿಬಿರಗಳಲ್ಲಿ, ಕೈಪಿಡಿಗಳಲ್ಲಿ ಪದೇಪದೇ ಕೇಳಿಬರುತ್ತದೆ. ಯಾವ ಚಕ್ರ ಮುಚ್ಚಿದೆ, ಯಾವುದು ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಗುರುತಿಸಿ, ಅದಕ್ಕೊಂದು ಬಣ್ಣ, ಒಂದು ಬೀಜಾಕ್ಷರ, ಒಂದು ಉಸಿರಾಟದ ಕ್ರಮವನ್ನು ಹೇಳಿಕೊಡುವುದು ರೂಢಿಯಾಗಿದೆ. ತಂತ್ರಗ್ರಂಥಗಳು, ಹಠಯೋಗದ ಗ್ರಂಥಗಳು ಮತ್ತು ಕನ್ನಡದ ಶಿವಯೋಗ ಪರಂಪರೆ ಇದೇ ವಿಷಯವನ್ನು ಹೇಗೆ ಕಂಡಿವೆ ಎಂದು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಇಲ್ಲಿನ ಪ್ರತಿಪಾದನೆ ಇಷ್ಟು: ಹಳೆಯ ಆಕರಗಳಲ್ಲಿ ಸಮತೋಲವೆಂಬುದು ದೋಷ, ನಾಡಿ, ಉಸಿರುಗಳಿಗೆ ಸಂಬಂಧಿಸಿದ್ದು. ಚಕ್ರವಾದರೋ ಭೇದಿಸಿ ದಾಟಬೇಕಾದ, ಇಲ್ಲವೇ ದೈವವನ್ನು ನೆಲೆಗೊಳಿಸಬೇಕಾದ ಎಡೆ. ಇವೆರಡೂ ಒಂದಾಗಿ ಬೆರೆತದ್ದು ಇಪ್ಪತ್ತನೇ ಶತಮಾನದಲ್ಲಿ.

1. ಚಕ್ರಗಳೆಷ್ಟು?

ಏಳು ಚಕ್ರಗಳೆಂಬ ಲೆಕ್ಕ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಪತಂಜಲಿಯ ವಿಭೂತಿಪಾದದಲ್ಲಿ ನಾಭಿಚಕ್ರದ ಉಲ್ಲೇಖವಿದೆ. ಕಂಠಕೂಪ, ಹೃದಯ, ಮೂರ್ಧಜ್ಯೋತಿಗಳೂ ಸಂಯಮಕ್ಕೆ ವಿಷಯಗಳಾಗಿ ಬರುತ್ತವೆ. ಆದರೆ ಅವುಗಳನ್ನು ಒಂದರ ಮೇಲೊಂದು ಜೋಡಿಸಿದ ಶ್ರೇಣಿ ಅಲ್ಲಿಲ್ಲ. ನೇತ್ರತಂತ್ರ ಹೇಳುವ ಆರು ಚಕ್ರಗಳ ಹೆಸರೇ ಬೇರೆ: ನಾಡಿ, ಮಾಯಾ, ಯೋಗಿ, ಭೇದನ, ದೀಪ್ತಿ, ಶಾಂತ. ನಾಥರ ಸಿದ್ಧಸಿದ್ಧಾಂತಪದ್ಧತಿ ಒಂಬತ್ತು ಚಕ್ರಗಳನ್ನು ಎಣಿಸುತ್ತದೆ. ಇಂದು ನಮಗೆ ಪರಿಚಿತವಾದ ಆಧಾರ, ಸ್ವಾಧಿಷ್ಠಾನ, ಮಣಿಪೂರಕ, ಅನಾಹತ, ವಿಶುದ್ಧಿ, ಆಜ್ಞಾ ಎಂಬ ಆರರ ವ್ಯವಸ್ಥೆ ಕುಬ್ಜಿಕಾಮತದಂಥ ಶಾಕ್ತ ತಂತ್ರಗಳಲ್ಲಿ ನೆಲೆಗೊಂಡು, ಮುಂದೆ ಹಠಯೋಗಕ್ಕೂ ಹರಿದುಬಂತು.

ಕಮಲಗಳಾಗಿ ಚಿತ್ರಿಸಲಾದ ಈ ಆರು ಚಕ್ರಗಳ ದಳಗಳು ಕ್ರಮವಾಗಿ 4, 6, 10, 12, 16 ಮತ್ತು 2. ಕೂಡಿದರೆ 50. ಇದು ತಾಂತ್ರಿಕರು ಮಾತೃಕೆ ಎಂದು ಕರೆಯುವ ವರ್ಣಮಾಲೆಯ ಸಂಖ್ಯೆ. ಒಂದೊಂದು ದಳಕ್ಕೆ ಒಂದೊಂದು ಅಕ್ಷರ. ಅಂದರೆ ಚಕ್ರವು ಮೊದಲಿಗೆ ಮಂತ್ರನ್ಯಾಸದ ಸ್ಥಾನ. ಸಾಧಕ ತನ್ನ ದೇಹದ ಮೇಲೆ ಅಕ್ಷರ, ಭೂತ, ದೇವತೆಗಳನ್ನು ಭಾವನೆಯಿಂದ ಇರಿಸಿ, ದೇಹವನ್ನೇ ಆರಾಧನೆಯ ಕ್ಷೇತ್ರವಾಗಿಸಿಕೊಳ್ಳುತ್ತಾನೆ. ಗ್ರಂಥದಿಂದ ಗ್ರಂಥಕ್ಕೆ ಸಂಖ್ಯೆ ಬದಲಾದದ್ದಕ್ಕೆ ಕಾರಣವೂ ಇದರಲ್ಲೇ ಇದೆ. ಉಪಾಸನೆಯ ಕ್ರಮ ಬದಲಾದಂತೆ ಅದರ ನಕ್ಷೆಯೂ ಬದಲಾಯಿತು.

2. ಹಠಪ್ರದೀಪಿಕೆಯ ಕ್ರಮ

ಹದಿನೈದನೇ ಶತಮಾನದ ಸ್ವಾತ್ಮಾರಾಮನ ಹಠಪ್ರದೀಪಿಕೆ ಈ ಚರ್ಚೆಗೆ ಮುಖ್ಯ ಆಕರ. ಅದರ ಎರಡನೆಯ ಉಪದೇಶದ, ಅಂದರೆ ಅಧ್ಯಾಯದ, ವಿಷಯ ಪ್ರಾಣಾಯಾಮ. ಮೇದಸ್ಸು, ಕಫ ಹೆಚ್ಚಿರುವವರು ಮೊದಲು ಷಟ್ಕರ್ಮಗಳೆಂಬ ಶುದ್ಧಿಕ್ರಿಯೆಗಳನ್ನು ಮಾಡಬೇಕು. ದೋಷಗಳು ಸಮವಾಗಿರುವವರಿಗೆ ಅವು ಬೇಕಿಲ್ಲ. ಸಮತೆಯ ಪ್ರಸ್ತಾಪ ಬರುವುದು ಇಲ್ಲಿ. ಅನಂತರ ನಾಡಿಶೋಧನ: ಎಡಹೊಳ್ಳೆಯಿಂದ ಒಳಗೆಳೆದು, ತಡೆದು, ಬಲದಿಂದ ಬಿಡುವುದು, ಮತ್ತೆ ಬಲದಿಂದ ಎಳೆದು ಎಡದಿಂದ ಬಿಡುವುದು. ಚಂದ್ರ-ಸೂರ್ಯರೆನಿಸಿದ ಎಡ-ಬಲದ ನಾಡಿಗಳಾದ ಇಡಾ-ಪಿಂಗಳೆಗಳನ್ನು ಹೀಗೆ ಸರದಿಯಂತೆ ನಡೆಸಿದರೆ ಮೂರು ತಿಂಗಳು ದಾಟುವಷ್ಟರಲ್ಲಿ ನಾಡಿಗಳು ಶುದ್ಧವಾಗುತ್ತವೆ ಎಂಬುದು ಗ್ರಂಥದ ಮಾತು. ಸೂರ್ಯಭೇದನ, ಉಜ್ಜಾಯಿ, ಸೀತ್ಕಾರೀ, ಶೀತಲೀ, ಭಸ್ತ್ರಿಕಾ, ಭ್ರಾಮರೀ, ಮೂರ್ಛಾ, ಪ್ಲಾವಿನೀ ಎಂಬ ಎಂಟು ಕುಂಭಕಗಳು, ಅಂದರೆ ಉಸಿರು ತಡೆಯುವ ವಿಧಾನಗಳು, ಆಮೇಲಿನ ಮೆಟ್ಟಿಲು.

ಕಮಲಗಳು ಮುಂದಿನ ಉಪದೇಶದ ಆರಂಭದಲ್ಲೇ ಬರುತ್ತವೆ. ಮಲಗಿದ ಕುಂಡಲಿನಿ ಶಕ್ತಿ ಗುರುಪ್ರಸಾದದಿಂದ ಎಚ್ಚರಗೊಂಡಾಗ ಎಲ್ಲ ಪದ್ಮಗಳೂ ಗ್ರಂಥಿಗಳೂ ಭೇದಿಸಲ್ಪಡುತ್ತವೆ ಎನ್ನುತ್ತದೆ ಗ್ರಂಥ. ಹೀಗೆ ದೋಷಕ್ಕೆ ಸಮತೆ, ನಾಡಿಗೆ ಶುದ್ಧಿ, ಪದ್ಮಕ್ಕೆ ಭೇದ ಎಂಬ ಮೂರು ಹಂತಗಳು ಸ್ಪಷ್ಟವಾಗಿ ಬೇರೆಬೇರೆಯಾಗಿವೆ. ಒಂದು ಚಕ್ರವನ್ನು ಇನ್ನೊಂದಕ್ಕೆ ಸರಿದೂಗಿಸುವ ಸಾಧನೆ ಈ ಕ್ರಮದಲ್ಲಿ ಎಲ್ಲೂ ಇಲ್ಲ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕು, ಅವಸರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬ ಎಚ್ಚರಿಕೆ ಇದೇ ಗ್ರಂಥದ್ದು.

3. ಕನ್ನಡದ ಶಿವಯೋಗ

ಸ್ವಾತ್ಮಾರಾಮ ತನ್ನ ಮೊದಲ ಉಪದೇಶದಲ್ಲಿ ಸ್ಮರಿಸುವ ಮಹಾಸಿದ್ಧರ ಪಟ್ಟಿಯಲ್ಲಿ ಅಲ್ಲಮಪ್ರಭುವಿನ ಹೆಸರಿದೆ. ಕನ್ನಡದ ಅನುಭಾವಿಯೊಬ್ಬ ಹಠಯೋಗದ ಪ್ರಮುಖ ಗ್ರಂಥದಲ್ಲಿ ಸಿದ್ಧನಾಗಿ ಕಾಣಿಸಿಕೊಳ್ಳುವುದು ಗಮನಾರ್ಹ. ಏಕೆಂದರೆ ನಮ್ಮ ಶೂನ್ಯಸಂಪಾದನೆ ಮತ್ತು ಚಾಮರಸನ ಪ್ರಭುಲಿಂಗಲೀಲೆಗಳಲ್ಲಿ ಅದೇ ಅಲ್ಲಮ ಹಠಯೋಗಿ ಗೋರಕ್ಷನನ್ನು ಪ್ರಶ್ನಿಸುತ್ತಾನೆ. ಗೋರಕ್ಷನ ವಜ್ರಕಾಯಕ್ಕೆ ಹೊಡೆದ ಖಡ್ಗ ಖಣಿಲೆಂದು ಸದ್ದು ಮಾಡಿದರೆ, ಅಲ್ಲಮನ ದೇಹದಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿ ಮಾಡಿಕೊಳ್ಳುವುದೇ ಯೋಗದ ಗುರಿಯಲ್ಲ ಎಂಬ ನಿಲುವು ಈ ಪ್ರಸಂಗದಲ್ಲಿದೆ.

ಶರಣರು ಚಕ್ರಗಳನ್ನು ಕೈಬಿಡಲಿಲ್ಲ; ಅವಕ್ಕೆ ಹೊಸ ಅರ್ಥ ಕೊಟ್ಟರು. ಚೆನ್ನಬಸವಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಷಟ್‌ಸ್ಥಲ ವ್ಯವಸ್ಥೆಯಲ್ಲಿ ಆಧಾರಕ್ಕೆ ಭಕ್ತಸ್ಥಲ ಮತ್ತು ಆಚಾರಲಿಂಗ, ಸ್ವಾಧಿಷ್ಠಾನಕ್ಕೆ ಮಾಹೇಶ್ವರ ಮತ್ತು ಗುರುಲಿಂಗ, ಮಣಿಪೂರಕಕ್ಕೆ ಪ್ರಸಾದಿ ಮತ್ತು ಶಿವಲಿಂಗ, ಅನಾಹತಕ್ಕೆ ಪ್ರಾಣಲಿಂಗಿ ಮತ್ತು ಜಂಗಮಲಿಂಗ, ವಿಶುದ್ಧಿಗೆ ಶರಣ ಮತ್ತು ಪ್ರಸಾದಲಿಂಗ, ಆಜ್ಞೆಗೆ ಐಕ್ಯ ಮತ್ತು ಮಹಾಲಿಂಗ. ಆರು ಸ್ಥಲಗಳಿಗೆ ಆರು ಭಕ್ತಿಗಳು: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ.

ಈ ಹೊಂದಾಣಿಕೆಯ ಮಹತ್ವವನ್ನು ನಮ್ಮ ಯೋಗ ಚರ್ಚೆಗಳು ಸಾಕಷ್ಟು ಗುರುತಿಸಿಲ್ಲ. ಮೊದಲ ಮೆಟ್ಟಿಲಿನಲ್ಲೇ ಆಚಾರವಿದೆ. ಮಣಿಪೂರಕದಲ್ಲಿ ನಿಲ್ಲುವುದೆಂದರೆ ಉಣ್ಣುವ ಅನ್ನವನ್ನೂ ಅನುಭವಿಸುವ ಸುಖದುಃಖವನ್ನೂ ಪ್ರಸಾದವಾಗಿ ಸ್ವೀಕರಿಸುವ ಎಚ್ಚರ. ಕೊನೆಯ ಸಾಮರಸ್ಯವೂ ಆರು ಕೇಂದ್ರಗಳ ನಡುವಿನ ಹೊಂದಾಣಿಕೆಯಲ್ಲ. ಅಂಗ ಲಿಂಗದಲ್ಲಿ ಒಂದಾಗುವುದು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಧ್ಯಾನವೂ ಇದೇ ದಾರಿಯದು. ಹೊರಗೆ ನೆಟ್ಟ ನೋಟ ಒಳಗಿನ ಪ್ರಾಣಲಿಂಗದ ಅರಿವಾಗಿ ತಿರುಗಬೇಕು ಎಂಬುದು ಅದರ ಆಶಯ.

4. ಇಪ್ಪತ್ತನೇ ಶತಮಾನದ ಚಿತ್ರ

ಪೂರ್ಣಾನಂದ 1577ರಲ್ಲಿ ರಚಿಸಿದ ಷಟ್ಚಕ್ರನಿರೂಪಣವನ್ನು ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ, 'ದಿ ಸರ್ಪೆಂಟ್ ಪವರ್' (1919) ಗ್ರಂಥದ ಮೂಲಕ ಇಂಗ್ಲಿಷಿಗೆ ತಂದ. 1927ರಲ್ಲಿ ಥಿಯಾಸಫಿಯ ಲೆಡ್‌ಬೀಟರ್ 'ದಿ ಚಕ್ರಾಸ್' ಬರೆದು, ಸ್ವಾಧಿಷ್ಠಾನದ ಜಾಗದಲ್ಲಿ ಗುಲ್ಮದ ಚಕ್ರವನ್ನು ಇಟ್ಟ. ಅದೇ ವರ್ಷ ಮುಂಬಯಿಯ ವೈದ್ಯ ವಸಂತ ರೇಳೆ ಕುಂಡಲಿನಿಯನ್ನು ವೇಗಸ್ ನರದೊಂದಿಗೆ ಸಮೀಕರಿಸಿದ. ಕೆಂಪಿನಿಂದ ನೇರಳೆಯವರೆಗಿನ ಕಾಮನಬಿಲ್ಲಿನ ಬಣ್ಣಗಳು ವ್ಯಾಪಕವಾದದ್ದು 1970ರ ದಶಕದಿಂದೀಚೆಗೆ. ಪೂರ್ಣಾನಂದನಲ್ಲಿ ಮಣಿಪೂರಕ ಮಳೆಮೋಡದ ಬಣ್ಣದ್ದು, ಆಜ್ಞಾಚಕ್ರ ಚಂದ್ರನಂತೆ ಬಿಳಿ. ಇವೆಲ್ಲ ಒಂದೆಡೆ ಕಲೆತ ಮೇಲೆ ಚಕ್ರ ಅಂಗವೊಂದರಂತೆ ಕಾಣತೊಡಗಿತು. ಅಂಗವಾದ ಮೇಲೆ ಅದಕ್ಕೆ ಏರುಪೇರೂ ಬಂತು, ಚಿಕಿತ್ಸೆಯೂ ಬಂತು.

5. ಅಳತೆಗೆ ಸಿಕ್ಕ ಉಸಿರು

ಸ್ವಾಮಿ ಕುವಲಯಾನಂದರು 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನೂ 'ಯೋಗ ಮೀಮಾಂಸಾ' ಪತ್ರಿಕೆಯನ್ನೂ ಆರಂಭಿಸಿದಾಗಿನಿಂದ ಉಸಿರಾಟದ ಪ್ರಯೋಗಗಳು ನಡೆದುಬಂದಿವೆ. ಬೆಂಗಳೂರಿನಲ್ಲಿ ಶರ್ಲಿ ಟೆಲ್ಲೆಸ್, ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ 48 ಪುರುಷರನ್ನು ಮೂರು ಗುಂಪು ಮಾಡಿ ಒಂದು ತಿಂಗಳು ಅಭ್ಯಾಸ ಮಾಡಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಆಮ್ಲಜನಕದ ಬಳಕೆ ಬಲಹೊಳ್ಳೆಯಿಂದಷ್ಟೇ ಉಸಿರಾಡಿದ ಗುಂಪಿನಲ್ಲಿ ಶೇ. 37, ಎಡಹೊಳ್ಳೆಯಿಂದಷ್ಟೇ ಉಸಿರಾಡಿದ ಗುಂಪಿನಲ್ಲಿ ಶೇ. 24, ಎರಡನ್ನೂ ಸರದಿಯಂತೆ ಬಳಸಿದವರಲ್ಲಿ ಶೇ. 18ರಷ್ಟು ಹೆಚ್ಚಿತು. ಬಲಹೊಳ್ಳೆಯ ಪಿಂಗಳೆ ಉಷ್ಣವೆಂಬ ಸಾಂಪ್ರದಾಯಿಕ ಮಾತಿಗೆ ಇದು ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಎಡಹೊಳ್ಳೆಯಲ್ಲೂ ಏರಿಕೆಯೇ ಕಂಡದ್ದರಿಂದ ಪೂರ್ತಿ ಹೊಂದುವುದಿಲ್ಲ. 2001ರಲ್ಲಿ ಇಟಲಿಯ ಬೆರ್ನಾರ್ಡಿ ತಂಡ 23 ಮಂದಿಯಲ್ಲಿ ಕಂಡಂತೆ, ಜಪಮಾಲೆಯ ಪ್ರಾರ್ಥನೆಯಾಗಲಿ ಮಂತ್ರಪಠಣವಾಗಲಿ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿತು. ರಕ್ತದೊತ್ತಡವನ್ನು ಹದದಲ್ಲಿಡುವ ಪ್ರತಿವರ್ತನೆಯ ಸೂಕ್ಷ್ಮತೆ ಹೆಚ್ಚಿತು. ಭ್ರಾಮರಿಯಂತೆ ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂಬುದು 2002ರ ಸ್ವೀಡನ್ನಿನ ಶೋಧ.

ಈ ಅಧ್ಯಯನಗಳೆಲ್ಲ ಅಳೆದದ್ದು ಉಸಿರು, ನರ, ರಕ್ತಪರಿಚಲನೆಗಳನ್ನು. ಇವನ್ನು ಚಕ್ರಕ್ಕೆ ಪುರಾವೆಯಾಗಿ ಎತ್ತಿ ತೋರಿಸುವುದು ವಿಜ್ಞಾನಕ್ಕೂ ಉಪಾಸನೆಗೂ ಅನ್ಯಾಯ.

6. ತೀರ್ಮಾನ

ಈ ವಿವೇಚನೆಯಿಂದ ಸಾಧನೆಗೆ ನಷ್ಟವಿಲ್ಲ. ಅದರ ಕ್ರಮ ಸ್ಪಷ್ಟವಾಗುತ್ತದೆ. ನಾಡಿಶೋಧನ, ನಿಧಾನದ ಉಸಿರು, ಭ್ರಾಮರಿಗಳು ದೇಹಮನಸ್ಸುಗಳನ್ನು ಹದಕ್ಕೆ ತರುವ ಅಭ್ಯಾಸಗಳು. ಸಮತೋಲವೆಂಬ ಮಾತು ಇಲ್ಲಿ ಸಾರ್ಥಕ. ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಕುಂಭಕ, ಭಸ್ತ್ರಿಕೆಗಳನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ಚಕ್ರಧ್ಯಾನ ಬೇರೆಯೇ ಬಗೆಯ ಕೆಲಸ. ಅದಕ್ಕೆ ಮಂತ್ರ, ಭಾವನೆ, ಗುರುಮಾರ್ಗ ಬೇಕು. ಶರಣರ ಪ್ರಕಾರ ಎಲ್ಲಕ್ಕೂ ಮೊದಲು ಆಚಾರ ಬೇಕು. ಚಕ್ರ ಕೆಟ್ಟಿದೆ ಎಂದು ಹೆದರಿಸುವವರ ಮುಂದೆ ಸಾಧಕ ಕುಗ್ಗಬೇಕಾಗಿಲ್ಲ. ಅಂಥ ರೋಗದ ಕಲ್ಪನೆಗೆ ಇಲ್ಲಿ ನೋಡಿದ ಹಳೆಯ ಆಕರಗಳಲ್ಲಿ ಆಧಾರವಿಲ್ಲ. ಕನ್ನಡದಲ್ಲಿ ಯೋಗವನ್ನು ಕಲಿಸುವವರು ಕಾಮನಬಿಲ್ಲಿನ ಪಟವನ್ನು ಗೋಡೆಗೆ ಹಚ್ಚುವ ಮುನ್ನ ಷಟ್‌ಸ್ಥಲವನ್ನು ಓದಬೇಕು. ನಮ್ಮ ನುಡಿಯಲ್ಲೇ ರೂಪುಗೊಂಡ, ನಡೆ-ನುಡಿಗಳನ್ನೂ ಸಾಧನೆಯೊಳಗೆ ಸೇರಿಸಿಕೊಂಡ ಚಕ್ರಧ್ಯಾನದ ಪರಂಪರೆ ಅದು. ಇಂದಿನ ತರಗತಿಗಳಲ್ಲಿ ಅದಕ್ಕೆ ಮೊದಲ ಪಾಠದ ಸ್ಥಾನ ಸಿಗಬೇಕು.