ತಂತಿಯಿಲ್ಲದ ಫೋನಿನ ಲೆಕ್ಕ



ಲೆಕ್ಕಪರಿಶೋಧಕನನ್ನು ಕರೆದು ಇತಿಹಾಸದ ಬಗ್ಗೆ ಮಾತಾಡಿ ಎಂದಿದ್ದೀರಿ. ರಾಜರ ಇತಿಹಾಸ ನನಗೆ ಗೊತ್ತಿಲ್ಲ, ಹಳೆಯ ಬಿಲ್ಲುಗಳ ಇತಿಹಾಸ ಗೊತ್ತು. ಹಾಗಾಗಿ ಇಂದು ನಮ್ಮ ಕಿಲಿಮಾನಿ ಮನೆಯ ಕಾರ್ಡ್‌ಲೆಸ್ ಫೋನಿನ ಕಥೆ ಹೇಳುತ್ತೇನೆ.

ನಾನು ಹೆಂಡತಿ ಮಗನೊಂದಿಗೆ ನೈರೋಬಿಗೆ ಬಂದದ್ದು 1999ರಲ್ಲಿ. ಅದೇ ವರ್ಷ ಕೆನ್ಯಾದ ಅಂಚೆ ಮತ್ತು ದೂರಸಂಪರ್ಕ ನಿಗಮವನ್ನು ಒಡೆದು, ಫೋನಿನ ಕೆಲಸವನ್ನು ಟೆಲ್ಕಾಂ ಕೆನ್ಯಾಕ್ಕೆ ಕೊಟ್ಟರು. ಮೊಬೈಲ್ ಇನ್ನೂ ನಮ್ಮಂಥವರ ಜೇಬಿಗೆ ಎಟುಕುತ್ತಿರಲಿಲ್ಲ. ಊರಿಗೆ ಮಾತಾಡಬೇಕೆಂದರೆ ಮನೆಯ ಫೋನಿನಲ್ಲಿ ಮೂರು ಸೊನ್ನೆ, ಆಮೇಲೆ 91 ಒತ್ತಬೇಕು. ಇಲ್ಲಿ ಸಂಜೆ ಆರೂವರೆ ಎಂದರೆ ಊರಲ್ಲಿ ರಾತ್ರಿ ಒಂಬತ್ತು. ಅಪ್ಪ ಊಟ ಮುಗಿಸಿ, ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಮಾಡಿದ ಕಪ್ಪು ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದರು.

ನಮ್ಮ ಕಡೆ ಇದ್ದದ್ದು ಹೊಸ ಕಾರ್ಡ್‌ಲೆಸ್. ಅಮೆರಿಕದ ಜಾರ್ಜ್ ಸ್ವೀಗರ್ಟ್ ಎಂಬಾತ 1969ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದ, ಮನೆಮನೆಗೆ ಬಂದದ್ದು 1980ರ ದಶಕದ ನಂತರ. ಅದರ ಗುಟ್ಟು ಸರಳ. ಗೋಡೆಯ ತಾಮ್ರದ ತಂತಿಗೆ ಒಂದು ಪೀಠ, ಆ ಪೀಠದೊಳಗೆ ಪುಟ್ಟ ರೇಡಿಯೋ. ಕೈಯಲ್ಲಿರುವ ಹ್ಯಾಂಡ್‌ಸೆಟ್ ಮಾತಾಡುವುದು ಆ ರೇಡಿಯೋ ಜೊತೆ. ಹೆಂಡತಿ ಒಲೆಯ ಮುಂದೆ ಹುಳಿ ಕುದಿಸುತ್ತಲೇ ಅತ್ತೆಯ ಜೊತೆ ಮಾತಾಡುವಳು. ಮೂರು ವರ್ಷದ ಮಗ ಅದನ್ನು ಹಿಡಿದು ಜಗುಲಿಗೆ ಓಡಿ, "ಅಜ್ಜಾ, ಹದ್ದು ನೋಡು" ಎನ್ನುವನು. ಅಜ್ಜ ಎಲ್ಲ ಕಂಡವರಂತೆ "ದೊಡ್ಡದೋ ಚಿಕ್ಕದೋ" ಎಂದು ಕೇಳುವರು. ಮಗ ಕನ್ನಡ ಕಲಿತದ್ದು ಹೀಗೆ. ನಿಮಿಷಕ್ಕೆ ದುಡ್ಡು ಏರುತ್ತಿದ್ದರೂ ಆ ಖರ್ಚನ್ನು ನಾನು ಪ್ರಶ್ನಿಸಲಿಲ್ಲ.

2000ದಲ್ಲಿ ಮಳೆ ಕೈಕೊಟ್ಟಿತು. ಕೆನ್ಯಾದ ವಿದ್ಯುತ್ತು ಬಹುಪಾಲು ತಾನಾ ನದಿಯ ಮಸಿಂಗಾ, ಗಿತಾರು, ಕಿಯಂಬೇರೆಯಂಥ ಅಣೆಕಟ್ಟುಗಳಿಂದ ಬರುತ್ತಿತ್ತು. ನೀರು ತಳ ಕಂಡಾಗ ಸರದಿಯ ಮೇಲೆ ಕರೆಂಟು ತೆಗೆಯತೊಡಗಿದರು. ಹಳೆಯ ತಂತಿಯ ಫೋನಿಗೆ ಅದರಿಂದ ತೊಂದರೆಯಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ಅದೇ ತಾಮ್ರದ ತಂತಿಯಲ್ಲಿ ಹರಿದು ಬರುತ್ತದೆ. ಕಾರ್ಡ್‌ಲೆಸ್ಸಿನ ಪೀಠಕ್ಕೆ ಮಾತ್ರ ಗೋಡೆಯ ಪ್ಲಗ್ಗೇ ಗತಿ. ಹ್ಯಾಂಡ್‌ಸೆಟ್ ಪೂರ್ತಿ ಚಾರ್ಜ್ ಆಗಿದ್ದರೂ ಪೀಠ ಸತ್ತರೆ ಫೋನು ಸತ್ತಂತೆಯೇ. ಇದು ನನಗೆ ಗೊತ್ತಿರಲಿಲ್ಲ. ಹಳೆಯ ಫೋನನ್ನು ಬೀರುವಿಗೆ ಹಾಕಿದ್ದೆ.

ಒಂದು ಸಂಜೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದರು. ಅವರು ಮೊಮ್ಮಗನ ದನಿ ಕೇಳಬೇಕೆಂದರಂತೆ. ತಮ್ಮ ಮತ್ತೆ ಮತ್ತೆ ಫೋನು ಮಾಡಿದ. ಲೈನು ಸರಿಯಿದ್ದುದರಿಂದ ಅವನಿಗೆ ರಿಂಗ್ ಕೇಳಿಸುತ್ತಿತ್ತು. ಇಲ್ಲಿ ನಾವು ಮೇಣದಬತ್ತಿ ಹಚ್ಚಿಕೊಂಡು ಆ ಫೋನಿನ ಪಕ್ಕದಲ್ಲೇ ಊಟ ಮಾಡುತ್ತಿದ್ದೆವು. ಬೆಳಗ್ಗೆ ಕರೆಂಟು ಬಂದ ಮೇಲೆ ಗಂಟೆ ಬಾರಿಸಿತು. ಅಷ್ಟರಲ್ಲಿ ಅಪ್ಪ ಹೋಗಿದ್ದರು. "ರಿಂಗ್ ಆಗ್ತಿತ್ತು, ನೀವು ಎತ್ತಲಿಲ್ಲ" ಎಂದ ತಮ್ಮ. ಕಾರಣ ವಿವರಿಸಿದೆ. ಅವನು ನಂಬಲು ವರ್ಷಗಳೇ ಹಿಡಿದವು.

ಮರುವಾರ ಬೀರುವಿನಿಂದ ಹಳೆಯ ಫೋನು ತೆಗೆದು ಪಕ್ಕದಲ್ಲೇ ಜೋಡಿಸಿದೆ. ಈಗ ಕಿಲಿಮಾನಿಯ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. 2009ರಲ್ಲಿ ಸಮುದ್ರದಡಿಯ ಫೈಬರ್ ಕೇಬಲ್ ಮೊಂಬಾಸಾ ಮುಟ್ಟಿತು, ಮಾತು ಅಗ್ಗವಾಯಿತು. ಆದರೆ ಇಂಟರ್ನೆಟ್ ರೂಟರಿಗೂ ಗೋಡೆಯ ಪ್ಲಗ್ಗೇ ಬೇಕು.

ಬರಬಹುದಾದ ನಷ್ಟಕ್ಕೆ ಮುಂಚೆಯೇ ಸ್ವಲ್ಪ ತೆಗೆದಿಡು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಕಂಪನಿಗಳಿಗೆ ಅದನ್ನು ಹೇಳುತ್ತಾ ಬಂದವನು ಮನೆಯಲ್ಲಿ ಮರೆತಿದ್ದೆ. ಇಂದು ರಾತ್ರಿ ಊರಿಗೆ ಫೋನು ಮಾಡಿದಾಗ, ಪಕ್ಕದ ಮನೆಯವರದೋ ಸ್ನೇಹಿತರದೋ ಇನ್ನೊಂದು ನಂಬರನ್ನು ಅಪ್ಪ ಅಮ್ಮನ ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿಡಿ. ಅಷ್ಟೇ ನನ್ನ ಕೋರಿಕೆ.