ಇಲ್ಲದ ಕೈಯ ನೋವು

1866ರ ಜುಲೈಯಲ್ಲಿ ಅಮೆರಿಕದ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆ ಲೇಖಕರ ಹೆಸರಿಲ್ಲದ ಒಂದು ಕಥೆ ಅಚ್ಚುಹಾಕಿತು. ಅಂತರ್ಯುದ್ಧದಲ್ಲಿ ಕೈಕಾಲು ನಾಲ್ಕನ್ನೂ ಕಳೆದುಕೊಂಡ ಜಾರ್ಜ್ ಡೆಡ್ಲೋ ಎಂಬಾತನ ಕಥೆ. ಓದುಗರು ನಿಜವೆಂದೇ ನಂಬಿ ಅವನಿಗೆಂದು ಹಣ ಕೂಡಿಸಿದರು. ಬರೆದವರು ಫಿಲಡೆಲ್ಫಿಯಾದ ನರರೋಗ ವೈದ್ಯ ಸೈಲಸ್ ವೀರ್ ಮಿಚೆಲ್. ಕತ್ತರಿಸಿ ತೆಗೆದ ಕೈ ಉರಿಯುತ್ತಿದೆ ಎಂದು ನರಳುವ ಸೈನಿಕರನ್ನು ಅವರು ನೋಡಿದ್ದರು. 1871ರಲ್ಲಿ ಅದಕ್ಕೆ ‘ಫ್ಯಾಂಟಮ್ ಲಿಂಬ್’ ಎಂದು ಹೆಸರಿಟ್ಟರು. ಇಲ್ಲದ ಅಂಗದ ಭ್ರಮೆ ಎನ್ನೋಣ. ಭ್ರಮೆ ಅಂಗದ್ದು, ನೋವಿನದ್ದಲ್ಲ.

ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ.

1990ರ ದಶಕದಲ್ಲಿ, ಮದ್ರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ್ದ ವಿ. ಎಸ್. ರಾಮಚಂದ್ರನ್ ಒಂದು ಪೆಟ್ಟಿಗೆಯ ನಡುವೆ ಕನ್ನಡಿ ನಿಲ್ಲಿಸಿದರು. ರೋಗಿ ಇರುವ ಕೈಯನ್ನು ಅದರ ಮುಂದಿಟ್ಟು ಆಡಿಸಿದರೆ, ಹೋದ ಕೈಯ ಜಾಗದಲ್ಲಿ ಬಿಂಬ ಆಡುತ್ತದೆ. ಇಲ್ಲದ ಕೈಯ ಬಿಗಿದ ಮುಷ್ಟಿ ಬಿಚ್ಚಿಕೊಂಡಿತು ಎಂದು ಕೆಲವರು ಹೇಳಿದರು. ಎಷ್ಟು ಸರಳ ಉಪಾಯ! ಆದರೆ ಎರಡೂ ಕೈ ಹೋದವರಿಗೆ ಕನ್ನಡಿ ಏನು ತೋರಿಸೀತು? ಮೇಲಾಗಿ ಅಲ್ಲಿ ಕೆಲಸ ಮಾಡುವುದು ಇರುವ ಕೈಯೇ.

ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಒರ್ಟಿಜ್ ಕ್ಯಾಟಲನ್ ಮೋಟುಗೈಗೇ ಕೆಲಸ ಕೊಟ್ಟರು. ಅದರ ಚರ್ಮಕ್ಕೆ ಎಲೆಕ್ಟ್ರೋಡ್‌ಗಳನ್ನು ಅಂಟಿಸುತ್ತಾರೆ. ರೋಗಿ ಇಲ್ಲದ ಬೆರಳು ಮಡಿಸಲು ಯತ್ನಿಸಿದಾಗ ಉಳಿದ ಸ್ನಾಯುಗಳಲ್ಲಿ ಹುಟ್ಟುವ ವಿದ್ಯುತ್ ಸಂಕೇತವನ್ನು ಕಂಪ್ಯೂಟರ್ ಓದುತ್ತದೆ. ಎದುರಿನ ಪರದೆಯಲ್ಲಿ, ವೆಬ್‌ಕ್ಯಾಮ್ ಹಿಡಿದ ಅವನದೇ ಚಿತ್ರಕ್ಕೆ ಒಂದು ಕೈ ಕೂಡಿಕೊಂಡು, ಅವನು ಬಯಸಿದಂತೆ ಆಡುತ್ತದೆ. ಆಗ್ಮೆಂಟೆಡ್ ರಿಯಾಲಿಟಿ ಎಂದರೆ ಇಲ್ಲಿ ಇಷ್ಟೇ. ಆಮೇಲೆ ಅದೇ ಸಂಕೇತಗಳಿಂದ ರೇಸ್ ಕಾರು ಓಡಿಸುವ ಆಟ.

2016ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಈ ಚಿಕಿತ್ಸೆಯ ಅಧ್ಯಯನದಲ್ಲಿ ಇದ್ದವರು ಕೈ ಕಳೆದುಕೊಂಡ 14 ಮಂದಿ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ನೋವಿನವರು. 12 ಸರದಿ ಮುಗಿಯುವಷ್ಟರಲ್ಲಿ ನೋವು ಸರಾಸರಿ ಅರ್ಧದಷ್ಟು ಇಳಿದಿತ್ತು. ಆರು ತಿಂಗಳ ಮೇಲೂ ಆ ಇಳಿತ ಉಳಿದಿತ್ತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಅದನ್ನು ಮರೆಯಬಾರದು.

ಅಂಕಿಗಳಿಗಿಂತ ಹೆಚ್ಚು ಮನಸ್ಸಿಗೆ ತಟ್ಟುವುದು 2014ರಲ್ಲಿ ವರದಿಯಾದ ಮೊದಲ ರೋಗಿಯ ವಿಷಯ. ಕೈ ಹೋಗಿ 48 ವರ್ಷ ಕಳೆದಿತ್ತು; ಔಷಧ, ಕನ್ನಡಿ ಎಲ್ಲ ಆಗಿತ್ತು. ಈ ಚಿಕಿತ್ಸೆಯ ನಂತರ ನೋವೇ ಇಲ್ಲದ ಹೊತ್ತುಗಳು ಬರತೊಡಗಿದವು. ಸದಾ ಬಿಗಿದುಕೊಂಡೇ ಇದ್ದ ಆ ಕಾಣದ ಮುಷ್ಟಿ, ಅರೆ ತೆರೆದು, ಸಡಿಲವಾಗಿ ಮಲಗಿತ್ತು.